ಮಿಡತೆ ಕೊಟ್ಟವಳಿಗೆ ಗೋಮೇಸಿ

ಕಂಪಾಲಾ
12 ನವೆಂಬರ್ 2012

ಶ್ರೀಮತಿ ಪೆರೆಪೆಟ್ವ ಅವರಿಗೆ,

ನಮಸ್ಕಾರ. ನಾನು ಪ್ರೊಫೆಸರ್ ತಬಿತಾ ನೈಗಾಗ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸುತ್ತೇನೆ. ನಿಮ್ಮ ಅಣ್ಣನ ಮಗಳು ಸ್ಪೆಸಿಯೋಜಾ ನಾಕಾಲೆಮ ನಮ್ಮ ವಿಭಾಗದ ಉಪನ್ಯಾಸಕಿ, ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ತಂದೆ ತಾಯಿ ಇಲ್ಲದ ಅವಳು ಪೋಷಕರ ಜಾಗದಲ್ಲಿ ನಿಮ್ಮ ಹೆಸರು ಕೊಟ್ಟಿರುವುದರಿಂದ ನಿಮಗೆ ಬರೆಯುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ರಜೆ ಹಾಕಿ ಹೋದವಳು ಮತ್ತೆ ಬಂದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಅವಳ ಸಂಶೋಧನೆಯ ವಿಷಯ ನಿಮಗೆ ಗೊತ್ತಿರಬಹುದು: ಹುರಿದ ಮಿಡತೆಯನ್ನು ಕೆಡದಂತೆ ತಿಂಗಳುಗಟ್ಟಲೆ ಇಡುವುದು ಹೇಗೆ ಎಂಬುದು. ಕೆಲಸ ಮುಕ್ಕಾಲು ಮುಗಿದಿದೆ. ಫೆಬ್ರವರಿ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಪದವಿಯೂ ಹೋಯಿತು, ಕೆಲಸವೂ ಹೋಯಿತು. ಆ ಕುರ್ಚಿಗೆ ಕಾದು ಕುಳಿತವರು ಬೇಕಾದಷ್ಟು ಜನರಿದ್ದಾರೆ, ಎಲ್ಲರೂ ಗಂಡಸರು.

ನಾನು ಓದುವಾಗ ವಿಭಾಗದಲ್ಲಿ ಒಬ್ಬಳೇ ಹೆಂಗಸು. ನನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ. ಮುಂದೆ ಬರುವವರಿಗೆ ಹಾಗಾಗಬಾರದೆಂದು ನಾವು ಕೆಲವು ಅಧ್ಯಾಪಕಿಯರು ಒಂದು ಬಳಗ ಕಟ್ಟಿಕೊಂಡಿದ್ದೇವೆ. ತಿಂಗಳಿಗೊಂದು ಶನಿವಾರ ಸೇರಿ ಒಬ್ಬರ ಬರಹ ಇನ್ನೊಬ್ಬರು ಓದುತ್ತೇವೆ, ತಿದ್ದುತ್ತೇವೆ. ನಾಕಾಲೆಮ ಆ ಬಳಗದವಳು. ಅವಳಿಗೆ ಗಟ್ಟಿತನ ಕಡಿಮೆ. ಒಂದು ಮಾತು ಅಂದರೆ ಬಾಡುತ್ತಾಳೆ. ಮನೆಯವರು ಮದುವೆ ಗೊತ್ತು ಮಾಡಿದ್ದರೆ ದಯವಿಟ್ಟು ನೇರವಾಗಿ ತಿಳಿಸಿ. ಅಂಥದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಮ್ಮ ಪ್ರಯೋಗಾಲಯದಲ್ಲೇ ಹುರಿದ ಮಿಡತೆ ಒಂದು ಡಬ್ಬಿ ಕಳಿಸಿದ್ದೇನೆ. ಈ ಋತುವಿನ ಮೊದಲ ಹಿಡಿತ. ಮನೆಮಂದಿ ಎಲ್ಲ ಸವಿಯಿರಿ.

ವಿಶ್ವಾಸದ,
ತಬಿತಾ ನೈಗಾಗ

*

ಬುಲೆಂಗೆರೆ, ಮಸಾಕಾ ರಸ್ತೆ
19 ನವೆಂಬರ್ 2012

ಪ್ರೊಫೆಸರಮ್ಮನವರಿಗೆ,

ಮಾಡುವ ಕೆಲಸಕ್ಕೆ ನಿಮಗೆ ನಮಸ್ಕಾರ. ಯೇಸುಸ್ವಾಮಿ ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಉದ್ದಕ್ಕೆ ಬರೆಯಲು ಬರುವುದಿಲ್ಲ, ಸುತ್ತಿ ಬಳಸಿ ಬರೆಯಲಂತೂ ಬರುವುದೇ ಇಲ್ಲ.

ನಿಮ್ಮ ಡಬ್ಬಿಯನ್ನು ಕಾಗದ ತಂದ ಟ್ಯಾಕ್ಸಿ ಡ್ರೈವರನ ಎದುರಿಗೇ ಬಿಚ್ಚಿದೆ. ಬಿಚ್ಚಿದವಳು ಹಾಗೇ ಮುಚ್ಚಿ ಹೊಸ್ತಿಲ ಆಚೆಗೆ ಇಟ್ಟೆ. ಅವನು ನಗಲಾರಂಭಿಸಿದ. "ಯಾರಮ್ಮ ಇದನ್ನ ಕಳ್ಸಿದ್ದು? ನಿಮ್ಮ ಮನೆಗೇ ಮಿಡ್ತೆನಾ?" ಎಂದ. ಅವನಿಗೆ ಗೊತ್ತಾದದ್ದು ನಿಮಗೆ ಗೊತ್ತಾಗಲಿಲ್ಲ. ನಾಕಾಲೆಮ ಎಂಬ ಹೆಸರು ಕೇಳಿದರೆ ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತವೆ, ಇವಳು ಮಿಡತೆ ಕುಲದವಳು ಎಂದು. ಮಿಡತೆ ನಮ್ಮ ಕುಲದ ಜೀವ. ಊರೆಲ್ಲ ಹುರಿದು ಮುಕ್ಕುವಾಗ ನಾವು ಬಾಯಿಗೆ ಇಡುವುದಿಲ್ಲ. ನಮ್ಮ ಅಜ್ಜಂದಿರು ಇಟ್ಟಿಲ್ಲ, ನಮ್ಮ ಮಕ್ಕಳೂ ಇಡುವುದಿಲ್ಲ.

ನೀವು ಬುಸೋಗ ಕಡೆಯವರು, ನಿಮಗೆ ಹೇಗೆ ಗೊತ್ತಾಗಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂತು. ನಾನು ಆ ಹುಡುಗಿಯ ಸೆಂಗಾ. ತಂದೆಯ ತಂಗಿ. ಹುಡುಗಿ ಹೇಗೆ ಕೂರಬೇಕು, ಯಾರ ಮುಂದೆ ತಗ್ಗಬೇಕು, ಯಾರ ಮುಂದೆ ತಗ್ಗಬಾರದು ಎಂದು ನಮ್ಮಲ್ಲಿ ಕಲಿಸುವವಳು ಸೋದರತ್ತೆಯೇ, ತಾಯಿ ಅಲ್ಲ. ಅಲ್ಲಿ ಕಂಪಾಲಾದಲ್ಲಿ ನೀವು ಅವಳಿಗೆ ಸೆಂಗಾ ಆಗಿದ್ದೀರೆಂದು ಅವಳೇ ಹೇಳಿಕೊಂಡು ಓಡಾಡುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. ಈಗ ಕೇಳುತ್ತೇನೆ: ಇಷ್ಟು ವರ್ಷ ಆ ಹುಡುಗಿಗೆ ಮಿಡತೆಯ ಬಗ್ಗೆಯೇ ಪಾಠ ಹೇಳಿದ್ದೀರಿ, ಅವಳು ಅದನ್ನು ತಿನ್ನುವುದಿಲ್ಲ ಎಂಬುದು ಗೊತ್ತಿಲ್ಲ. ಹಾಗಾದರೆ ಅವಳ ಬಗ್ಗೆ ನಿಮಗೆ ಗೊತ್ತಿರುವುದಾದರೂ ಏನು?

ಹುಡುಗಿ ಆರೋಗ್ಯವಾಗಿದ್ದಾಳೆ. ಮದುವೆ ಗೊತ್ತಾಗಿಲ್ಲ. ಡಬ್ಬಿಯನ್ನು ಫಾದರಿಗೆ ಕೊಟ್ಟಿದ್ದೇನೆ. ಅವರು ಬೇರೆ ಕುಲದವರು.

ಪೆರೆಪೆಟ್ವ

*

ಕಂಪಾಲಾ
30 ನವೆಂಬರ್ 2012

ಶ್ರೀಮತಿ ಪೆರೆಪೆಟ್ವ ಅವರಿಗೆ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಉತ್ತರ ಬರೆದು ಹರಿದು ಹಾಕಿದೆ.

ಆಮೇಲೆ ಬಳಗದ ಶನಿವಾರ ಬಂತು. ನಮ್ಮಲ್ಲಿ ನಿಮ್ಮ ಕಡೆಯ ಗಂಡಾ ಜನಾಂಗದ ಹೆಂಗಸರು ಹಲವರಿದ್ದಾರೆ. ನಾಕಾಲೆಮಳ ಕುಲ ಯಾವುದೆಂದು ಗೊತ್ತಿತ್ತೇ ಎಂದು ಕೇಳಿದೆ. ಎಲ್ಲರಿಗೂ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದರೆ, "ನಿಮ್ಗೆ ಗೊತ್ತಿದ್ದೇ ಹಾಗ್ ಮಾತಾಡ್ತೀರ ಅಂದ್ಕೊಂಡಿದ್ವಿ" ಎಂದರು. ನನ್ನ ಬಳಗದವರು ನನ್ನ ಬಗ್ಗೆ ಹೀಗೆ ಅಂದುಕೊಂಡಿದ್ದರು ಎಂಬುದು ನನಗೆ ಹೊಸ ಸುದ್ದಿ.

ಹಾಗ್ ಮಾತಾಡ್ತೀರ ಎಂದರೆ ಏನೆಂದು ನಿಮಗೆ ಹೇಳಲೇಬೇಕು. ಡಬ್ಬಿಯಲ್ಲಿಟ್ಟ ಮಿಡತೆ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಯಂತ್ರ ಸಾಲದು, ನಾಲಿಗೆಯೇ ಬೇಕು. ರುಚಿ ನೋಡುವವರನ್ನು ಕೂರಿಸುತ್ತೇವೆ. ಸಂಶೋಧಕಿಯೇ ಮೊದಲು ತಿಂದು ಅವರಿಗೆ ತೋರಿಸಿಕೊಡಬೇಕೆಂದು ನಾನು ನಿಯಮ ಮಾಡಿದ್ದೆ. ನಾಕಾಲೆಮ ಪ್ರತಿ ಸಲವೂ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಹಲ್ಲುನೋವು, ಹೊಟ್ಟೆನೋವು. ಸೋಮಾರಿತನ ಎಂದುಕೊಂಡೆ. ಸೆಪ್ಟೆಂಬರಿನ ಸಭೆಯಲ್ಲಿ ಎಲ್ಲರ ಮುಂದೆ, "ತಾನು ತಿನ್ನೋಕೆ ಹೇಸೋದನ್ನ ಊರಿಗೆಲ್ಲ ಮಾರೋಕೆ ಹೊರಟಿದಾಳೆ ಈ ಮಹಾರಾಣಿ" ಎಂದೆ. ಕೆಲವರು ನಕ್ಕರು. ಮರುದಿನವೇ ಅವಳು ರಜೆ ಹಾಕಿದಳು. ಮೊದಲ ಕಾಗದದಲ್ಲಿ ಇದನ್ನು ನಿಮಗೆ ಬರೆದಿರಲಿಲ್ಲ.

ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಅವಳು? ವಿಜ್ಞಾನದ ಕೋಣೆಗೆ ಕುಲದ ಮಾತು ತಂದರೆ ನಗುತ್ತಾರೆಂದು ಹೆದರಿದಳೇ? ಎಲ್ಲಿದ್ದಾಳೆ ಅವಳು? ಫೆಬ್ರವರಿ ದೂರವಿಲ್ಲ.

ತಬಿತಾ ನೈಗಾಗ

*

ಬುಲೆಂಗೆರೆ
8 ಡಿಸೆಂಬರ್ 2012, ಅಮಲೋದ್ಭವ ಮಾತೆಯ ಹಬ್ಬ

ಪ್ರೊಫೆಸರಮ್ಮ,

ಇವತ್ತು ಪೂಜೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಇಂಥ ದಿನ ಸುಳ್ಳು ಬರೆಯಬಾರದು. ಹುಡುಗಿ ನನ್ನ ಮನೆಯಲ್ಲೇ ಇದ್ದಾಳೆ. ಸೆಪ್ಟೆಂಬರಿನಿಂದಲೂ ಇದ್ದಾಳೆ. ನಿಮ್ಮ ಡಬ್ಬಿ ಬಂದಾಗ ಅಡುಗೆಮನೆಯಲ್ಲಿ ಬಾಳೆಕಾಯಿ ಸುಲಿಯುತ್ತಿದ್ದಳು. ಅವಳು ಬರೆದ ಹಾಳೆಗಳೆಲ್ಲ ನನ್ನ ಮಂಚದ ಕೆಳಗೆ ಚೀಲದಲ್ಲಿವೆ. ಕೋಳಿ ಕೆದಕದಿರಲೆಂದು ಮೇಲೆ ಕಲ್ಲು ಇಟ್ಟಿದ್ದೇನೆ.

ನಿಮ್ಮ ಬಳಗದ ಬಗ್ಗೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಊರಿನಲ್ಲೂ ಹೆಂಗಸರ ಒಂದು ಬಳಗವಿದೆ. ಮುನ್ನೊ ಮುಕಾಬಿ ಎನ್ನುತ್ತೇವೆ, ಕಷ್ಟಕ್ಕಾಗುವ ಗೆಳತಿ ಎಂದು. ಸಾವಾದರೆ, ಮದುವೆಯಾದರೆ ನಮ್ಮ ದೊಡ್ಡ ಪಾತ್ರೆ, ಚಾಪೆ, ಸೌದೆ ಹೊತ್ತು ಹೋಗುತ್ತೇವೆ. ಈಗ ನಾನೇ ಅದರ ಮುಂದಾಳು. ಯಾರಾದರೂ ಒಂದು ಸಾವಿಗೆ ಬರಲಿಲ್ಲ ಎಂದರೆ ಹೆಸರು ಹೊಡೆದುಹಾಕುವುದಿಲ್ಲ. ಅವಳ ಮನೆಗೇ ಹೋಗುತ್ತೇವೆ. ಬಾರದವಳ ಮನೆಯಲ್ಲೇ ಏನೋ ಆಗಿರಬೇಕಲ್ಲವೇ? ನಿಮ್ಮಲ್ಲಿ ಫೋನ್ ಮಾಡುತ್ತಾರೆ, ಕಾಗದ ಬರೆಯುತ್ತಾರೆ. ಯಾರೂ ಬರುವುದಿಲ್ಲವೇ?

ಇನ್ನೊಂದು. ಡಬ್ಬಿಯ ಲೆಕ್ಕ ಮನಸ್ಸಿನಲ್ಲಿ ಕೊರೆಯುತ್ತಿದೆ. ನಮ್ಮ ಹಳೆಯ ಪದ್ಧತಿಯಲ್ಲಿ ಹೆಂಡತಿ ಮಿಡತೆ ಹಿಡಿದು, ರೆಕ್ಕೆ ಕಾಲು ಕಿತ್ತು, ಹುರಿದು ಗಂಡನ ಮುಂದಿಟ್ಟರೆ ಅವನು ಅವಳಿಗೆ ಪಾದ ಮುಟ್ಟುವ ಹೊಸ ಗೋಮೇಸಿ ಉಡುಪು ಹೊಲಿಸಿಕೊಡಬೇಕು. ಮಿಡತೆ ತಿಂದು ಸುಮ್ಮನೆ ಕೂರುವ ಹಾಗಿಲ್ಲ. ನಿಮ್ಮ ಮಿಡತೆ ತಿಂದವರು ಫಾದರ್. ಅವರು ಯಾರಿಗೂ ಗೋಮೇಸಿ ಕೊಡಿಸುವಂತಿಲ್ಲ.

ಪೆರೆಪೆಟ್ವ

*

ಕಂಪಾಲಾ
17 ಡಿಸೆಂಬರ್ 2012

ಪೆರೆಪೆಟ್ವ ಅವರಿಗೆ,

ಶನಿವಾರ ಸಂಜೆ ನಿಮ್ಮ ಊರಿನಿಂದ ಬಳಗದವರೆಲ್ಲ ಕ್ಷೇಮವಾಗಿ ಕಂಪಾಲಾ ತಲುಪಿದೆವು. ನಾವು ಅಷ್ಟು ಜನ ಹೇಳದೆ ಕೇಳದೆ ಟ್ಯಾಕ್ಸಿಯಿಂದ ಇಳಿದಾಗ ನಿಮ್ಮ ಮುಖದಲ್ಲಿ ಒಂದಿಷ್ಟೂ ಅಚ್ಚರಿ ಕಾಣಲಿಲ್ಲ. ಬಾಳೆಕಾಯಿಯ ಮಟೋಕೆ ಆಗಲೇ ಎಲೆಯಲ್ಲಿ ಸುತ್ತಿ ಒಲೆಯ ಮೇಲಿತ್ತು. ನಾವು ಬರುವುದು ನಿಮಗೆ ಮೊದಲೇ ಗೊತ್ತಿತ್ತು ಎಂದು ದಾರಿಯಲ್ಲಿ ಎಲ್ಲರೂ ಅಂದರು.

ನಿಮ್ಮ ತಗ್ಗು ಬಾಗಿಲು ನನ್ನ ಹಣೆಗೆ ಹೊಡೆದ ಗುರುತು ಇನ್ನೂ ಇದೆ. ಇರಲಿ, ಅದು ನನಗೆ ಸಲ್ಲಬೇಕಾದದ್ದೇ.

ನಾನು ಚಾಪೆಯ ಮೇಲೆ ಮಂಡಿಯೂರಿ ನಾಕಾಲೆಮಳಿಗೆ ಕ್ಷಮೆ ಕೇಳಿದಾಗ ಅವಳು ನೆಲ ನೋಡುತ್ತ ಕುಳಿತೇ ಇದ್ದಳು. ನನಗೆ ಎದ್ದು ಹೋಗುವಂತಾಗಿತ್ತು. ನಮ್ಮ ರಸಾಯನಶಾಸ್ತ್ರದ ರೆಸ್ಟಿಟ್ಯೂಟಾ ಬಾಯಿ ಹಾಕದಿದ್ದರೆ ಏನಾಗುತ್ತಿತ್ತೋ. "ನೋಡು ತಂಗಿ, ನಂದು ಆನೆ ಕುಲ. ಆನೆ ತಿನ್ಬಾರ್ದು ಅಂತ ನನ್ ಸೆಂಗಾ ಹೇಳಿದ್ಳು. ದೇವ್ರಾಣೆಗೂ ಒಂದಿನಾನೂ ತಪ್ಪಿಲ್ಲ. ಮಾರ್ಕೆಟ್ಟಲ್ಲಿ ಆನೆ ಕಂಡ್ರೂ ಮುಖ ತಿರುಗಿಸ್ಕೊಂಡ್ ಹೋಗ್ತೀನಿ" ಎಂದಳು. ನಾಕಾಲೆಮ ನಕ್ಕಳು. ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಒಬ್ಬೊಬ್ಬರೂ ತಾವು ತಿನ್ನದ್ದನ್ನು ಹೇಳಿಕೊಂಡೆವು. ಅಣಬೆ ತಿನ್ನದವಳು, ಮೀನು ತಿನ್ನದವಳು. ನಿನ್ನ ಬಾಯಿ ಮಾಡಲಾರದ್ದನ್ನು ನಮ್ಮ ಬಾಯಿಗಳು ಮಾಡುತ್ತವೆ ಎಂದು ತೀರ್ಮಾನವಾಯಿತು. ಜನವರಿಯಿಂದ ರೆಸ್ಟಿಟ್ಯೂಟಾ ರುಚಿ ತೋರಿಸಿಕೊಡುತ್ತಾಳೆ. ಉಳಿದವರು ನಾಕಾಲೆಮಳ ಪಾಠಗಳನ್ನು ಹಂಚಿಕೊಂಡು ತೆಗೆದುಕೊಳ್ಳುತ್ತೇವೆ. ಅವಳು ಬರೆಯಲಿ, ಅಷ್ಟೇ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನನ್ನ ಪಕ್ಕ ಕುಳಿತು ನಾಕಾಲೆಮ ಒಂದು ವಿಷಯ ಹೇಳಿದಳು. ನನ್ನ ಬೈಗುಳ ತಿಂದು ಮನೆಗೆ ಬಂದವಳು ನಿಮ್ಮನ್ನು ಕೇಳಿದ್ದಳಂತೆ, ಓದಿಗಾಗಿ ಒಂದೇ ಒಂದು ಸಲ ತಿಂದರೆ ತಪ್ಪೇ ಎಂದು. ಅದು ಬಾಯಿಗೆ ಹೋದ ದಿನ ನನ್ನನ್ನು ಸೆಂಗಾ ಎನ್ನಬೇಡ ಎಂದಿರಂತೆ. ದೂರುವುದಕ್ಕಲ್ಲ, ನೀವು ನನಗೆ ಅದನ್ನು ಬರೆದಿರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಹೊರಡುವಾಗ ನೀವು ನನ್ನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನನ್ನ ತಾಯಿ ಹೋದ ಮೇಲೆ ಯಾರೂ ನನ್ನನ್ನು ಹಾಗೆ ತಬ್ಬಿರಲಿಲ್ಲ.

ತಬಿತಾ

*

ಬುಲೆಂಗೆರೆ
3 ಮಾರ್ಚ್ 2013, ತಪಸ್ಸು ಕಾಲದ ಮೂರನೇ ಭಾನುವಾರ

ತಬಿತಾ ಅಕ್ಕ,

ಪ್ರಬಂಧ ಒಪ್ಪಿಸಿದ ಸುದ್ದಿಯನ್ನು ಹುಡುಗಿ ಫೋನಿನಲ್ಲಿ ಹೇಳಿದಳು. ದೇವರಿಗೆ ಸ್ತೋತ್ರ. ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಕೆಲಸ ಹೆಚ್ಚಾಗಿ ಅಲ್ಲ.

ಹೌದು, ಹಾಗೆ ಹೇಳಿದ್ದೆ. ನೀವು ಒಂದು ಕಡೆಯಿಂದ ಬಾಗಿಲು ಹಾಕಿದಿರಿ, ನಾನು ಇನ್ನೊಂದು ಕಡೆಯಿಂದ. ಮಧ್ಯದಲ್ಲಿ ಹುಡುಗಿ ನಿಂತಿದ್ದಳು. ಕುಲದ ಮಾತು ಕುಲದ ಮಾತೇ, ಅದನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ನಿನ್ನ ಓದೂ ಹೋಗಬಾರದು, ಬೇರೆ ದಾರಿ ಹುಡುಕೋಣ ಬಾ ಎಂದು ಸೆಂಗಾ ಆದವಳು ಹೇಳಬೇಕಿತ್ತು. ಹೇಳಲಿಲ್ಲ. ಫಾದರ್ ಹತ್ತಿರ ಪಾಪನಿವೇದನೆ ಮಾಡಿಕೊಂಡೆ. ಮಿಡತೆ ತಿಂದ ಬಾಯಿಯಿಂದಲೇ ಅವರು ಕ್ಷಮೆ ಕೊಟ್ಟರು.

ಪ್ರಬಂಧದ ಮೊದಲಲ್ಲೇ ತಾನು ಮಿಡತೆ ಕುಲದವಳು, ಆದ್ದರಿಂದ ರುಚಿ ನೋಡಿಲ್ಲ ಎಂದು ಅಚ್ಚು ಹಾಕಿಸಿದ್ದಾಳಂತೆ. ಅದಕ್ಕೆ ನಿಮ್ಮ ವಿಭಾಗದ ದೊಡ್ಡವರು ಮುಖ ಗಂಟಿಕ್ಕಿದ್ದಾರಂತೆ. ಪರೀಕ್ಷೆಯ ದಿನ ಗಂಡಸರೆಲ್ಲ ಕೂತು ಪ್ರಶ್ನೆ ಕೇಳುತ್ತಾರಲ್ಲ, ಆ ಪುಟವನ್ನು ಹಿಡಿದು ಬೀಳಿಸಿಬಿಟ್ಟರೆ? ತೆಗೆದುಹಾಕು ಎಂದು ನೀವು ಹೇಳಲಿಲ್ಲವೇ? ನನಗೆ ಹೆದರಿಕೆಯಾಗಿದೆ. ದಿನಾ ಒಂದು ಜಪಸರ ಅವಳಿಗೆ, ಒಂದು ನಿಮಗೆ. ನೀವು ಪ್ರೊಟೆಸ್ಟೆಂಟರು ಎಂದು ಗೊತ್ತು. ಮರಿಯಮ್ಮನವರು ಅದನ್ನೆಲ್ಲ ಕೇಳುವುದಿಲ್ಲ.

ಪೆರೆಪೆಟ್ವ

*

ಕಂಪಾಲಾ
14 ಆಗಸ್ಟ್ 2013

ಪ್ರಿಯ ಪೆರೆಪೆಟ್ವ,

ಪರೀಕ್ಷೆಯ ದಿನ ಗೊತ್ತಾಯಿತು: ಸೆಪ್ಟೆಂಬರ್ ಆರು, ಶುಕ್ರವಾರ. ನೀವು ಬರಲೇಬೇಕು. ಮೊದಲ ಸಾಲಿನಲ್ಲಿ ನಿಮ್ಮ ಕುರ್ಚಿ.

ಆ ಪುಟ ಅಲ್ಲೇ ಇದೆ. ತೆಗೆಯಬಹುದು ಎಂದು ನಾನು ಒಂದು ಸಲ ಅಂದದ್ದು ನಿಜ. ಅವಳು, "ಮೇಡಂ, ಸುಮ್ನಿದ್ದು ಒಂದ್ಸಲ ಕೆಟ್ಟಿದೀನಿ" ಎಂದಳು. ಮತ್ತೆ ನಾನು ಆ ಮಾತು ಎತ್ತಲಿಲ್ಲ. ಬೀಳಿಸಲು ಕಾದಿರುವವರು ಇಬ್ಬರಿದ್ದಾರೆ. ಹೊರಗಿನಿಂದ ಬರುವ ಪರೀಕ್ಷಕರು ಯಾವ ಕಡೆಗೋ ಗೊತ್ತಿಲ್ಲ. ಮಾರ್ಗದರ್ಶಕಿಯಾದ ನಾನು ಅಲ್ಲಿ ಬಾಯಿ ಬಿಡುವಂತಿಲ್ಲ. ಅವಳೇ ನಿಂತು ಆಡಬೇಕು.

ನಿಮ್ಮ,
ತಬಿತಾ

*

ಬುಲೆಂಗೆರೆ
4 ಸೆಪ್ಟೆಂಬರ್ 2013

ತಬಿತಾ ಅಕ್ಕ,

ಬಸ್ಸಿಗೆ ಬಟ್ಟೆ ಕಟ್ಟಿಟ್ಟಿದ್ದೆ. ಇವತ್ತು ಬೆಳಿಗ್ಗೆ ನಮ್ಮ ನೆರೆಮನೆಯ ಗೌಡೆನ್ಸಿಯ ತೀರಿಹೋದಳು. ನನ್ನ ಜೊತೆ ಶಾಲೆಗೆ ಬಂದವಳು. ಶುಕ್ರವಾರ ಮಣ್ಣು. ಬಳಗದ ಮುಂದಾಳು ಸಾವಿನ ಮನೆ ಬಿಟ್ಟು ಹೋಗುವುದು ಹೇಗೆ? ಹುಡುಗಿಗೆ ಹೇಳಿ, ಸೆಂಗಾ ಅಲ್ಲಿಲ್ಲ ಎಂದು ಕಾಲು ನಡುಗಿಸಬೇಡ, ನಿಂತೇ ಮಾತಾಡು, ಯಾರ ಮುಂದೆಯೂ ಮಂಡಿಯೂರಬೇಡ ಎಂದು.

ಟ್ಯಾಕ್ಸಿಯಲ್ಲಿ ಒಂದು ಗಂಟು ಕಳಿಸಿದ್ದೇನೆ. ನನ್ನ ಬದಲು ಈ ಗೋಮೇಸಿ ಅಲ್ಲಿ ಕೂರಲಿ. ನೀವು ಉಟ್ಟುಕೊಳ್ಳಿ.

ಪೆರೆಪೆಟ್ವ

*

ಕಂಪಾಲಾ
7 ಸೆಪ್ಟೆಂಬರ್ 2013

ಪ್ರಿಯ ಪೆರೆಪೆಟ್ವ,

ಸುದ್ದಿ ಫೋನಿನಲ್ಲಿ ಮುಟ್ಟಿದೆ. ಆದರೂ ಪೂರ್ತಿ ಕೇಳಬೇಕು ನೀವು.

ಗೋಮೇಸಿ ಉಟ್ಟು, ಸೊಂಟಪಟ್ಟಿ ಕಟ್ಟಿ, ಮೇಲೆ ನನ್ನ ಕಪ್ಪು ಗೌನು ಹಾಕಿಕೊಂಡೆ. ಗೋಮೇಸಿಯ ಚೂಪು ಭುಜಗಳು ಗೌನಿನೊಳಗಿಂದ ಎರಡು ಕೊಂಬಿನ ಹಾಗೆ ಎದ್ದು ನಿಂತವು. ವಿಭಾಗದ ಮುಖ್ಯಸ್ಥರು ನೋಡಿ, "ಏನ್ ಪ್ರೊಫೆಸರೇ, ಮದುವೆ ಮಾತುಕತೆಗೆ ಹೊರಟ ಹಾಗಿದೆ" ಎಂದರು. "ಹೌದು, ನಾನು ಹುಡುಗಿ ಕಡೆಯವಳು" ಎಂದೆ.

ಹುಡುಗಿ ನಿಂತಳು. ನಡುಗಲಿಲ್ಲ. ಮಸಾಕಾದಲ್ಲಿ ದೀಪ ಹಾಕಿ ಹಿಡಿದ ಮಿಡತೆ ಚೀಲದಲ್ಲೇ ಹೇಗೆ ಕೊಳೆಯುತ್ತದೆ, ತನ್ನ ವಿಧಾನದಲ್ಲಿ ಹುರಿದು ಮುಚ್ಚಿಟ್ಟರೆ ಹೇಗೆ ಮುಂದಿನ ಋತುವಿನವರೆಗೂ ಕೆಡುವುದಿಲ್ಲ ಎಂದು ತೋರಿಸಿದಳು. ಬೀಳಿಸಲು ಕಾದಿದ್ದ ಇಬ್ಬರೂ ಆ ಪುಟವನ್ನೇ ಎತ್ತಿದರು. ಇದು ಪ್ರಬಂಧವೋ ಅಜ್ಜಿಕಥೆಯೋ ಎಂದು ಒಬ್ಬರು. ಕೊನೆಗೆ ಹೊರಗಿನಿಂದ ಬಂದ ಹಿರಿಯರು ಕನ್ನಡಕ ತೆಗೆದು ಕೇಳಿದರು: "ಬಾಯಿಗೇ ಇಡದ ಆಹಾರದ ಮೇಲೆ ಇಷ್ಟು ವರ್ಷ ಯಾಕಮ್ಮ ಕೆಲಸ ಮಾಡ್ದೆ?"

 ಅವಳು ಆತುರಪಡಲಿಲ್ಲ.

"ಸರ್, ತಿನ್ನೋರಿಗೆ ರುಚಿ ಕಾಣುತ್ತೆ. ತಿನ್ನದೋಳಿಗೆ ಹಾಳಾಗೋದು ಕಾಣುತ್ತೆ. ಕುಲದ ಜೀವಾನ ತಿನ್ಬೇಡ ಅಂತಷ್ಟೇ ಅಲ್ಲ, ಕಾಪಾಡು ಅಂತಾನೂ ನನ್ ಸೆಂಗಾ ಹೇಳಿಕೊಟ್ಟಿದಾಳೆ. ಒಂದು ಚೀಲ ಕೊಳೀದೆ ಉಳಿದ್ರೆ ಇನ್ನೊಂದು ಚೀಲ ಹಿಡಿಯೋದು ಬೇಕಾಗಲ್ಲ. ನಾನು ಕಾಪಾಡಿರೋದು ಹೀಗೆ."

ಅವರು ಕಡತ ಮುಚ್ಚಿದರು. "ನನ್ ಪ್ರಶ್ನೆ ಮುಗೀತು" ಎಂದರು.

ನಮ್ಮನ್ನೆಲ್ಲ ಹೊರಗೆ ಕಳಿಸಿ ಮಾತಾಡಿಕೊಂಡು ಮತ್ತೆ ಒಳಗೆ ಕರೆದು, ಡಾಕ್ಟರ್ ನಾಕಾಲೆಮ ಎಂದರು. ಸಭಾಂಗಣದಲ್ಲಿ ಸಂತೋಷಕ್ಕೆ ನಾಲಿಗೆ ಹೊರಳಿಸಿ ಉಲು ಹಾಕಬಾರದೆಂದು ಬಳಗದವರಿಗೆಲ್ಲ ನಾನೇ ಎಚ್ಚರಿಕೆ ಕೊಟ್ಟಿದ್ದೆ. ಮೊದಲು ಹಾಕಿದವಳೂ ನಾನೇ. ಆಮೇಲೆ ಆನೆ ಕುಲ, ಅಣಬೆ ಕುಲ, ಮೀನು ಕುಲ ಎಲ್ಲ ಸೇರಿ ಚಾವಣಿ ಹಾರಿಸಿದರು. ಅಜ್ಜಿಕಥೆ ಎಂದವರು ಬಂದು ಅವಳ ಕೈ ಕುಲುಕಬೇಕಾಯಿತು. ಅವಳು ನೆಟ್ಟಗೆ ನಿಂತೇ ಕುಲುಕಿದಳು. ಆಮೇಲೆ ನೇರ ನನ್ನ ಹತ್ತಿರ ಬಂದು, ಎಲ್ಲರೂ ನೋಡುತ್ತಿರುವಂತೆ ಮಂಡಿಯೂರಿದಳು. ನಾನು ಎಬ್ಬಿಸಲು ಹೋದೆ. "ನಿಮಗಲ್ಲ ಮೇಡಂ, ಗೋಮೇಸಿಗೆ" ಎಂದಳು. ಅವಳು ಏಳುವ ಮೊದಲೇ, ಮೆತ್ತಗೆ, "ನಿಮಗೂ" ಎಂದಳು.

ನಿಮ್ಮ ಗೋಮೇಸಿ ನನಗೆ ಎಷ್ಟು ಸರಿಯಾಗಿ ಕೂತಿತೆಂದರೆ ನನಗೇ ಅಚ್ಚರಿ. ಒಗೆಸಿ ಇಸ್ತ್ರಿ ಮಾಡಿಸಿದ್ದೇನೆ. ಡಾಕ್ಟರ್ ಊರಿಗೆ ಬರುವಾಗ ಅವಳ ಕೈಯಲ್ಲಿ ಕಳಿಸಿಕೊಡುತ್ತೇನೆ.

ನಿಮ್ಮ,
ತಬಿತಾ

*

ಬುಲೆಂಗೆರೆ
15 ಸೆಪ್ಟೆಂಬರ್ 2013

ತಬಿತಾ ಅಕ್ಕ,

ನಿಮ್ಮ ಕಾಗದವನ್ನು ಇವತ್ತು ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಗಟ್ಟಿಯಾಗಿ ಓದಿದೆ. ನಾಕಾಲೆಮ ಆಡಿದ ಮಾತು ಬಂದಾಗ ಇನ್ನೊಮ್ಮೆ ಓದಿಸಿದರು. ಮುನ್ನೊ ಮುಕಾಬಿಯ ಹೆಂಗಸರು ಉಲು ಹಾಕಿದ್ದು ನಿಮ್ಮ ಕಂಪಾಲಾಕ್ಕೂ ಕೇಳಿಸಿರಬೇಕು. ಗೌಡೆನ್ಸಿಯಳ ಮಗಳೂ ಬಂದಿದ್ದಳು, ಅಳುತ್ತ ನಕ್ಕಳು. ಇನ್ನೆರಡು ವರ್ಷಕ್ಕೆ ಅವಳೂ ನಿಮ್ಮಲ್ಲಿಗೇ ಓದಲು ಬರುತ್ತಾಳೆ. ಅವಳದು ನೀರುನಾಯಿ ಕುಲ. ಮೊದಲೇ ಹೇಳಿಬಿಟ್ಟಿದ್ದೇನೆ.

ಇನ್ನು ಗೋಮೇಸಿ. ಅದನ್ನು ವಾಪಸು ಕಳಿಸಬೇಡಿ.

ನೀವು ಇಷ್ಟು ಓದಿದವರು, ಒಂದು ಯೋಚನೆ ಬರಲಿಲ್ಲವೇ? ನನ್ನ ಬಾಗಿಲು ನಿಮ್ಮ ಹಣೆಗೆ ಹೊಡೆಯಿತು. ನನ್ನ ಹಣೆಗೆ ಅದು ಇಲ್ಲಿಯವರೆಗೂ ತಾಗಿಲ್ಲ. ನನ್ನ ಗೋಮೇಸಿ ಉಟ್ಟಿದ್ದರೆ ಅದು ನಿಮ್ಮ ಮೊಣಕಾಲು ದಾಟುತ್ತಿರಲಿಲ್ಲ. ನಿಮಗೆ ಕಳಿಸಿದ್ದನ್ನು ನಾನು ಒಂದು ದಿನವೂ ಉಟ್ಟಿಲ್ಲ. ನಿಮ್ಮ ಡಬ್ಬಿಯ ಲೆಕ್ಕ ಬಾಕಿ ಇತ್ತಲ್ಲ, ಮಿಡತೆ ಕೊಟ್ಟವಳಿಗೆ ಗೋಮೇಸಿ ಕೊಡಬೇಕು. ಡಿಸೆಂಬರಿನಲ್ಲೇ ನಮ್ಮ ಪೇಟೆಯ ದರ್ಜಿಗೆ ಹೇಳಿ ಹೊಲಿಸಿಟ್ಟಿದ್ದೆ. ಹುಡುಗಿ ಗೆಲ್ಲುವ ದಿನ ನಾನೇ ಬಂದು ಕೊಡೋಣ ಎಂದು ಕಾದಿದ್ದೆ.

ಹೊರಡುವಾಗ ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ ಎಂದು ಬರೆದಿದ್ದಿರಿ. ಪ್ರೀತಿಯೂ ಇತ್ತು ಅಕ್ಕ. ಅಳತೆಯೂ ಇತ್ತು.

ನಿಮ್ಮ,
ಪೆರೆಪೆಟ್ವ